ಬೋಗುಣಿಯೊಳಗೆ ಹಾಡುವ ನಾಣ್ಯ

ಪ್ರೀತಿಯ ಪುಟ್ಟಿ,

ನಿನ್ನೆ ನಿನ್ನ ಅಣ್ಣ ನನ್ನನ್ನು ಉರ್ನೇಶ್‌ಗೆ ಕರೆದುಕೊಂಡು ಹೋಗಿದ್ದ. ಸ್ವಿಟ್ಜರ್ಲೆಂಡಿನ ಅಪೆನ್‌ಜೆಲ್ ಸೀಮೆಯ ಸಣ್ಣ ಊರು, ಸೆಂಟಿಸ್ ಬೆಟ್ಟದ ಹತ್ತಿರ. ಬೇಸಿಗೆಯೆಲ್ಲ ಮೇಲೆ ಮೇಯ್ದ ದನಗಳನ್ನು ಸೆಪ್ಟೆಂಬರ್‌ನಲ್ಲಿ ಕೆಳಗೆ ಇಳಿಸಿಕೊಂಡು ಬರುತ್ತಾರೆ. ಅದೇ ಇಲ್ಲಿನ ಹಬ್ಬ.

ಮುಂದೆ ಮಕ್ಕಳು, ಬಿಳಿ ಆಡುಗಳು. ಹಿಂದೆ ಮೂರು ಹಸುಗಳ ಕೊರಳಲ್ಲಿ ಬಿಂದಿಗೆ ಗಾತ್ರದ ಗಂಟೆ. ಮೂರಕ್ಕೂ ಸ್ವರ ಬೇರೆ ಬೇರೆ, ಆದರೆ ಒಂದಕ್ಕೊಂದು ಹೊಂದುತ್ತವೆ. ನಮ್ಮ ಸಂಕ್ರಾಂತಿಯ ಹಾಗೆ ಕೋಡಿಗೆ ಬಣ್ಣ, ಕೊರಳಿಗೆ ಹೂವು ಇರಬಹುದು ಅಂದುಕೊಂಡಿದ್ದೆ. ಏನೂ ಇಲ್ಲ. ಸಿಂಗಾರವೆಲ್ಲ ಗಂಡಸರದ್ದೇ! ಹಳದಿ ಚಲ್ಲಣ, ಕಸೂತಿ ಹಾಕಿದ ಕೆಂಪು ವೇಸ್ಟ್‌ಕೋಟು, ಬಲಗಿವಿಗೆ ಮಾತ್ರ ಒಂದು ಪುಟ್ಟ ಓಲೆ. ಬಗ್ಗಿ ನೋಡಿದರೆ ಅದು ಹಾಲಿನ ಕೆನೆ ತೆಗೆಯುವ ಸೌಟು ಕಣೇ!

ಆಮೇಲೆ ಏಳೆಂಟು ಜನ ಗುಂಡಗೆ ನಿಂತರು. ಕೈ ಜೇಬಿನಲ್ಲಿ. ಒಬ್ಬ ಯೋಡೆಲ್, ಅಂದರೆ ದನಿಯನ್ನು ಥಟ್ಟನೆ ಮೇಲಕ್ಕೂ ಕೆಳಕ್ಕೂ ಹಾರಿಸುವ ಹಾಡು, ಎತ್ತಿಕೊಂಡ, ಉಳಿದವರು ತಂಬೂರಿಯ ಹಾಗೆ ಅವನ ಹಿಂದೆ ಶ್ರುತಿ ಹಿಡಿದರು. ಇದಕ್ಕೆ ಸೊಯರ್ಲಿ ಅನ್ನುತ್ತಾರಂತೆ. ಮಾತೇ ಇಲ್ಲದ ಹಾಡು. ಬಂದು ಒಂದು ತಿಂಗಳಾಯ್ತು, ಅಂಗಡಿಯಲ್ಲಿ, ಬಸ್ಸಿನಲ್ಲಿ ಎಲ್ಲದಕ್ಕೂ ಅಣ್ಣನ ಮುಖ ನೋಡುತ್ತಿದ್ದೆ. ಇಲ್ಲಿ ಅವನನ್ನು ಏನೂ ಕೇಳಬೇಕಾಗಲಿಲ್ಲ.

ಅಷ್ಟರಲ್ಲಿ ಮೂವರು ಅಂಗೈ ಮೇಲೆ ಮಣ್ಣಿನ ಬೋಗುಣಿ ಇಟ್ಟುಕೊಂಡು ಬಂದರು. ಒಬ್ಬೊಬ್ಬರೂ ಐದು ಫ್ರಾಂಕ್‌ನ ನಾಣ್ಯವನ್ನು ಒಳಗೆ ಬೀಸಿ ಬಿಟ್ಟರು. ನಾಣ್ಯ ನೆಟ್ಟಗೆ ನಿಂತು ಬೋಗುಣಿಯ ಗೋಡೆಯ ಮೇಲೆ ಸುತ್ತುತ್ತದೆ. ಕೈ ಆಡಿಸುತ್ತಿದ್ದರೆ ಸಾಕು, ನಿಲ್ಲುವುದೇ ಇಲ್ಲ. ಜೇನುಹುಳು ಗುಂಯ್‌ಗುಟ್ಟಿದ ಹಾಗೆ ಸದ್ದು. ಮೂರು ಬೋಗುಣಿ, ಮೂರು ಸ್ವರ.

ನನಗೆ ಸುಮ್ನೆ ಇರೋಕಾಗಬೇಕಲ್ಲ? ಕೈಸನ್ನೆ ಮಾಡಿ ಕೇಳಿದೆ. ಒಬ್ಬ ಅಜ್ಜ ನಗುತ್ತಾ ಕೊಟ್ಟರು. ಬೋಗುಣಿ ಜಾಸ್ತಿನೇ ಭಾರ. ಮೊದಲ ಸಲ ನಾಣ್ಯ ಹಾರಿ ಹಸುವಿನ ಕಾಲ ಹತ್ತಿರ ಬಿತ್ತು. ಎರಡನೇ ಸಲ ಟಣ್ ಅಂದು ಮಲಗಿಕೊಂಡಿತು. ಅಜ್ಜ ನನ್ನ ಮಣಿಕಟ್ಟು ಹಿಡಿದು ಮೆಲ್ಲಗೆ ತಿರುಗಿಸಿದರು. ತೋಳಲ್ಲ, ಮಣಿಕಟ್ಟು ಮಾತ್ರ. ನಾಲ್ಕು ಸುತ್ತು ಬಂತು, ಪುಟ್ಟಿ! ಅಣ್ಣ ವಿಡಿಯೋ ಮಾಡೋಕೆ ಮರೆತ.

ಒಂದು ನಾಣ್ಯ ತರುತ್ತಿದ್ದೇನೆ. ಅಜ್ಜಿಯ ಉಪ್ಪಿನಕಾಯಿ ಕಲಸುವ ಬೋಗುಣಿ ಅಟ್ಟದ ಮೇಲಿದೆ, ಇಳಿಸಿ ತೊಳೆದಿಡು.

ಅಮ್ಮ