ಬೊಳ್ಳುವಿಗಾಗಿ ನಿಂತವರಿಗೆ

ನಮ್ಮ ನಾಯಿ ಬೊಳ್ಳುವಿನ ಮಾತ್ರೆ ಮುಗಿಯಿತು. ಉಣುಗು ಜ್ವರಕ್ಕೆ ಕೊಡುವ ಡಾಕ್ಸಿಸೈಕ್ಲಿನ್ 28 ದಿನದ ಕೋರ್ಸ್. ಕೊನೆಯದ್ದು ಮೊನ್ನೆ ಇಡ್ಲಿ ತುಂಡಿನೊಳಗೆ ಸೇರಿ ಹೊಟ್ಟೆಗೆ ಹೋಯಿತು. ರಕ್ತದ ರಿಪೋರ್ಟೂ ಬಂದಿದೆ. ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) 2 ಲಕ್ಷ 40 ಸಾವಿರ. ನಾಯಿಗೆ ಸುಮಾರು 2ರಿಂದ 5 ಲಕ್ಷ ಇದ್ದರೆ ಸರಿ. ಒಮ್ಮೆ ಅದು 20 ಸಾವಿರಕ್ಕಿಂತ ಕೆಳಗೆ ಹೋಗಿತ್ತು. ಒಬ್ಬೊಬ್ಬರಿಗೇ ಫೋನ್ ಮಾಡಿ ಥ್ಯಾಂಕ್ಸ್ ಹೇಳಲು ಹೋದರೆ ಅಳು ಬರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಪಕ್ಕದ ಮನೆಯ ಬಾಯಮ್ಮನಿಗೆ. ಬೊಳ್ಳು ಊಟ ಬಿಟ್ಟು ಮೂಲೆ ಸೇರಿದ ದಿನ ಅವರೇ ಬಂದು ಅವನ ತುಟಿ ಎತ್ತಿ ನೋಡಿದರು. "ಒಸಡು ನೋಡಿ, ಸುಣ್ಣ ಬಳಿದ ಹಾಗೆ ಉಂಟು. ನಾಳೆ ಅಂತ ಕೂತ್ಕೊಳ್ಬೇಡಿ ಮಾರಾಯ್ರೆ, ಇವತ್ತೇ ಕರ್ಕೊಂಡು ಹೋಗಿ" ಅಂದರು. ಒಸಡು ಗುಲಾಬಿ ಇರಬೇಕು. ಬೆರಳಲ್ಲಿ ಒತ್ತಿ ಬಿಟ್ಟರೆ 2 ಸೆಕೆಂಡಿನೊಳಗೆ ಬಣ್ಣ ವಾಪಸ್ ಬರಬೇಕು. ಹೊಟ್ಟೆಯ ಚರ್ಮದಲ್ಲಿ ಸಣ್ಣ ಕೆಂಪು ಚುಕ್ಕೆಗಳನ್ನೂ ತೋರಿಸಿದ್ದು ಅವರೇ. ಪ್ಲೇಟ್‌ಲೆಟ್ ಕಡಿಮೆಯಾಗಿ ಚರ್ಮದಡಿ ರಕ್ತ ಜಿನುಗುವ ಗುರುತಂತೆ ಅದು.

ಮಂಗಳೂರು ಬಿಜೈಯ ನಮ್ಮ ನಾಯಿ ಡಾಕ್ಟ್ರೇ, ಔಷಧಿ ಕೊಟ್ಟಿದ್ದಕ್ಕಿಂತ ಪ್ರತಿಯೊಂದಕ್ಕೂ ಕಾರಣ ಹೇಳಿದ್ದಕ್ಕೆ ನಿಮಗೆ ಥ್ಯಾಂಕ್ಸ್. ಕಾರಣ ಗೊತ್ತಿದ್ದರೆ ರಾತ್ರಿ ಎರಡು ಗಂಟೆಗೂ ತಲೆ ಓಡುತ್ತದೆ, ಅಲ್ವಾ? ನಮ್ಮ ಭಾವ ಜೇಬಿನಿಂದ ಪ್ಯಾರಾಸಿಟಮಾಲ್ ತೆಗೆದು, "ಜ್ವರ 104 ಉಂಟಲ್ಲ, ಅರ್ಧ ಕೊಡುವುದಾ?" ಅಂದಾಗ ನೀವು ಬೈಯಲಿಲ್ಲ. ಆ ಮಾತ್ರೆ ನಾಯಿಯ ಲಿವರನ್ನೂ ಕೆಂಪು ರಕ್ತಕಣಗಳನ್ನೂ ಹಾಳು ಮಾಡಬಹುದು ಅಂತ ಹೇಳಿದಿರಿ. ಪ್ಲೇಟ್‌ಲೆಟ್ ಇಲ್ಲದವನಿಗೆ ಆಸ್ಪಿರಿನ್, ಐಬುಪ್ರೊಫೆನ್ ಸಿಕ್ಕಿದರೆ ರಕ್ತಸ್ರಾವ ಇನ್ನೂ ಜಾಸ್ತಿ ಅಂದಿರಿ. ಡಾಕ್ಸಿಸೈಕ್ಲಿನ್ ಆಹಾರದ ಜೊತೆ ಕೊಟ್ಟು ಮೇಲಿಂದ ನೀರು ಕುಡಿಸಿ, ಗಂಟಲಲ್ಲಿ ಸಿಕ್ಕಿಕೊಂಡರೆ ಸುಡುತ್ತದೆ ಅಂದಿರಿ. ಭಾವ ಈಗ ಬೀದಿಯವರಿಗೆಲ್ಲ ಇದನ್ನೇ ಪಾಠ ಮಾಡುತ್ತಿದ್ದಾರೆ.

ಲ್ಯಾಬಿನ ಹುಡುಗನಿಗೆ ಬೇರೆಯೇ ನಮಸ್ಕಾರ. ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಂಡರೆ ಮೆಷಿನ್ ಲೆಕ್ಕ ತಪ್ಪುತ್ತದೆ ಅಂತ ಅವನು ಗಾಜಿನ ಮೇಲೆ ರಕ್ತ ಸವರಿ ತಾನೇ ನೋಡಿದ. ನನ್ನನ್ನೂ ಕರೆದು ತೋರಿಸಿದ: ಕೆಂಪು ರಕ್ತಕಣದೊಳಗೆ ಜೋಡಿಯಾಗಿ ಕೂತ ನೇರಳೆ ಚುಕ್ಕೆಗಳು. ಅದು ಬೇಬಿಸಿಯಾ, ರಕ್ತಕಣದೊಳಗೆ ಬೆಳೆಯುವ ಪರಾವಲಂಬಿ. ಕಿಟ್ ಟೆಸ್ಟಿನಲ್ಲಿ ಎರ್ಲಿಕಿಯಾ ಅನ್ನುವ ಬ್ಯಾಕ್ಟೀರಿಯಾ ಮೊದಲೇ ಸಿಕ್ಕಿತ್ತು. ಉಣುಗಿನಿಂದ ಎರಡು ರೋಗ ಒಟ್ಟಿಗೆ. ಹಾಗಾಗಿಯೇ ಮಾತ್ರೆಯ ಜೊತೆ ಇಂಜೆಕ್ಷನ್ನೂ ಬೇಕಾಯಿತು, 14 ದಿನ ಬಿಟ್ಟು ಮತ್ತೊಂದು.

ಇನ್ನು ಸುರತ್ಕಲ್‌ನ ಆ ಲ್ಯಾಬ್ರಡಾರ್. ಬೊಳ್ಳುವಿನ ರಕ್ತದಲ್ಲಿ ಕೆಂಪು ಕಣಗಳ ಪಾಲು ನೂರಕ್ಕೆ 14ಕ್ಕೆ ಇಳಿದಿತ್ತು. 37ರ ಮೇಲೆ ಇರಬೇಕಾದದ್ದು. ನಾಯಿಗೆ ನಾಯಿಯದ್ದೇ ರಕ್ತ ಬೇಕು. ಕೊಡುವವನು 25 ಕೆಜಿಗಿಂತ ಜಾಸ್ತಿ ಇರಬೇಕು, ವ್ಯಾಕ್ಸಿನ್ ಆಗಿರಬೇಕು, ಅವನಿಗೇ ಉಣುಗು ರೋಗ ಇರಬಾರದು. ವಾಟ್ಸಾಪಿನಲ್ಲಿ ಮೆಸೇಜ್ ನೋಡಿ, ಮುಖ ಪರಿಚಯವೂ ಇಲ್ಲದ ಗಂಡ ಹೆಂಡತಿ ಆ ಮಳೆಯಲ್ಲಿ, ಕೂಳೂರು ಸೇತುವೆಯ ಬ್ಲಾಕ್ ದಾಟಿ ಬಂದರು. ಅವರ ನಾಯಿ ಟೆಸ್ಟ್ ಮುಗಿಸಿಕೊಂಡು ಮೇಜಿನ ಮೇಲೆ ಮಲಗಿ, ಕುತ್ತಿಗೆಯ ರಕ್ತನಾಳದಿಂದ 350 ಮಿಲಿ ಕೊಟ್ಟ. ಒಡತಿ ಅವನ ಕಿವಿ ಕೆರೆಯುತ್ತಾ ಇದ್ದರು. ಅವನು ಅರ್ಧ ನಿದ್ದೆ ಹೋಗಿದ್ದ! ನಾಯಿಗೆ ಮೊದಲ ಸಲ ಬೇರೆ ನಾಯಿಯ ರಕ್ತ ಏರಿಸುವಾಗ ಅಪಾಯ ಕಡಿಮೆಯಂತೆ. ಆದರೂ ಡಾಕ್ಟ್ರು ಎರಡೂ ರಕ್ತ ಹೊಂದುತ್ತದಾ ಅಂತ ನೋಡಿದರು. ಮೊದಲ ಅರ್ಧ ಗಂಟೆ ಹನಿಹನಿಯಾಗಿ ಬಿಟ್ಟು, ಮುಖ ಊದುತ್ತಾ, ವಾಂತಿ ಬರುತ್ತಾ, ಜ್ವರ ಏರುತ್ತಾ ಅಂತ ಪಕ್ಕದಲ್ಲೇ ನಿಂತರು. ಪೆಟ್ರೋಲಿಗೆ ದುಡ್ಡು ಕೊಡಲು ಹೋದರೆ ಆ ದಂಪತಿ ತೆಗೆದುಕೊಳ್ಳಲಿಲ್ಲ. ಒಂದು ಚಹಾ ಮಾತ್ರ ಕುಡಿದರು.

ಮೇಸ್ತ್ರಿಯವರನ್ನು ಮರೆಯುವ ಹಾಗಿಲ್ಲ. ರಕ್ತ ಹೀರಿದ ಹೆಣ್ಣು ಉಣುಗು ನಾಯಿಯಿಂದ ಉದುರಿ ಗೋಡೆಯ ಸಂದಿನಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ನಮ್ಮದೋ ಮುರಕಲ್ಲಿನ ಕಾಂಪೌಂಡು, ತೂತಿಗೇನು ಬರ? ಮಳೆ ಬಿಟ್ಟ ಹೊತ್ತು ನೋಡಿ ಅವರು ಬುಡಕ್ಕೆಲ್ಲ ಸಾರಣೆ ಮಾಡಿಕೊಟ್ಟರು. ಗೋಡೆಗೆ ಹೊಡೆಯುವ ಔಷಧಿ ಬರೆಯುವ ಮೊದಲು ಡಾಕ್ಟ್ರು ಕೇಳಿದ ಪ್ರಶ್ನೆ ನೆನಪಿದೆ: ಅಕ್ಕಪಕ್ಕ ಬೆಕ್ಕು ಉಂಟಾ? ಉಣುಗು ಕೊಲ್ಲುವ ಪರ್ಮೆತ್ರಿನ್ ಔಷಧಿ ಬೆಕ್ಕಿಗೆ ವಿಷ. ಬಾಯಮ್ಮನ ಮನೆಯಲ್ಲಿ ಮೂರು ಬೆಕ್ಕು. ಅದಕ್ಕೆ ಬೇರೆ ಔಷಧಿ ಬರೆದರು.

ಸಾಗರದ ಅತ್ತೆ ಪಾಪ, ಇದು ಮಂಗನ ಕಾಯಿಲೆಯಾ ಅಂತ ದಿನಾ ಫೋನ್ ಮಾಡುತ್ತಿದ್ದರು. ಅಲ್ಲ ಅತ್ತೆ. ಅದು 1957ರಲ್ಲಿ ನಿಮ್ಮ ಸೊರಬದ ಕ್ಯಾಸನೂರು ಕಾಡಿನ ಕಡೆ ಪತ್ತೆಯಾದ ವೈರಸ್. ಅದನ್ನು ಹರಡುವ ಉಣುಗೂ ಬೇರೆ. ಕೇಳಿದ್ದಕ್ಕೆ ನಿಮಗೂ ಥ್ಯಾಂಕ್ಸ್. "ಊರ ನಾಯಿಗೆ ಇಷ್ಟು ಖರ್ಚಾ" ಅಂದವರಿಗೆ ಮಾತ್ರ ಈ ಬರಹದಲ್ಲಿ ಜಾಗ ಇಲ್ಲ.

ಎರ್ಲಿಕಿಯಾ, ಬೇಬಿಸಿಯಾ ಬಂದು ಹೋದ ನಾಯಿಯ ರಕ್ತವನ್ನು ಇನ್ನೊಂದಕ್ಕೆ ಕೊಡುವ ಹಾಗಿಲ್ಲವಂತೆ, ಹಾಗಾಗಿ ಬೊಳ್ಳುವಿನಿಂದ ಸಾಲ ತೀರಿಸಲು ಆಗುವುದಿಲ್ಲ. ಆದರೆ ತಮ್ಮನ ಮನೆಯ ಟೈಗರ್ 32 ಕೆಜಿ ಇದ್ದಾನೆ. ಕಳೆದ ವಾರ ಅವನ ಟೆಸ್ಟ್ ಮಾಡಿಸಿದೆವು, ಎಲ್ಲಾ ಸರಿ ಇದೆ. ಮಂಗಳೂರಿನಲ್ಲಿ ಯಾರ ನಾಯಿಗಾದರೂ ರಕ್ತ ಬೇಕಾದರೆ ಒಂದು ಮಾತು ಹೇಳಿ, ಕರೆದುಕೊಂಡು ಬರುತ್ತೇವೆ. ಅವನು ಕಾರಲ್ಲಿ ಸ್ವಲ್ಪ ಗಲಾಟೆ ಮಾಡುತ್ತಾನೆ, ಅಷ್ಟೇ.