ಅಪ್ಪನ ಪಿಂಚಣಿ ಬಿಡಬೇಡ ಅಮ್ಮ

ಅಟ್ಲಾಂಟಾ
ಗುರುವಾರ ಬೆಳಿಗ್ಗೆ

ಪ್ರೀತಿಯ ಅಮ್ಮನಿಗೆ ನಮಸ್ಕಾರಗಳು. ನಾವೆಲ್ಲ ಕ್ಷೇಮ. ಶಾರದತ್ತೆಯ ಮಂಡಿನೋವು ಹೇಗಿದೆ? ಮಂಜುವಿನ ಕೆಲಸ ಕಾಯಂ ಆಯಿತೇ?

ಜನವರಿಯಿಂದ ಪಿಂಚಣಿ ನಿಂತಿದೆ, ಅದನ್ನು ಮೇ ತಿಂಗಳಲ್ಲಿ ತಿಳಿಸುತ್ತೀಯಲ್ಲ! ಅದೂ ಹಪ್ಪಳದ ಸುದ್ದಿಯೆಲ್ಲ ಮುಗಿದ ಮೇಲೆ, ಕೊನೆಯ ಸಾಲಿನಲ್ಲಿ. "ಕಚೇರಿಗೆ ಅಲೆದು ಕೈಚಾಚಲು ನಾಚಿಕೆ, ಹೋಗಲಿ ಬಿಡು" ಎಂದು ಬರೆದಿದ್ದೀಯ. ಓದಿ ತುಂಬಾ ಸಂಕಟವಾಯಿತು.

ಮಡಿದ ಯೋಧರನ್ನು ನೆನೆಯಲು ಸೋಮವಾರ ಇಲ್ಲಿ ರಜೆಯಿತ್ತು. ಆಂಡರ್ಸನ್‌ವಿಲ್‌ನ ಸೈನಿಕ ಸ್ಮಶಾನಕ್ಕೆ ಹೋಗಿದ್ದೆವು. ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ರಾಜ್ಯಗಳವರು ಅಲ್ಲಿ ಸೆರೆಶಿಬಿರ ನಡೆಸಿದ್ದರು. 14 ತಿಂಗಳಲ್ಲಿ ಉತ್ತರದವರ ಸುಮಾರು 45,000 ಸೈನಿಕರನ್ನು ತುಂಬಿದರು. 13,000ದ ಹತ್ತಿರ ಜನ ರೋಗ, ಹಸಿವಿನಿಂದ ತೀರಿಕೊಂಡರು. ಕಂದಕಗಳಲ್ಲಿ ಭುಜಕ್ಕೆ ಭುಜ ತಾಗಿಸಿ ಹೂತಿದ್ದರಿಂದ ಗೋರಿಯ ಬಿಳಿಕಲ್ಲುಗಳು ಒತ್ತೊತ್ತಾಗಿ ನಿಂತಿವೆ. ಪ್ರತಿಯೊಂದರ ಮುಂದೆಯೂ ಪುಟ್ಟ ಬಾವುಟ. ಈ ದೇಶದವರು ಇಂಥದ್ದರಲ್ಲಿ ಒಬ್ಬರನ್ನೂ ಬಿಡುವುದಿಲ್ಲ, ನೋಡಬೇಕು ನೀನು.

ಶಿಬಿರವಿದ್ದ ಬಯಲಿನಲ್ಲಿ ಒಂದು ಒರತೆಯಿದೆ. 1864ರ ಆಗಸ್ಟ್‌ನಲ್ಲಿ, ಹಳ್ಳದ ನೀರು ಹೊಲಸಾಗಿ ಸೆರೆಯಾಳುಗಳು ಸಾಯುತ್ತಿದ್ದಾಗ, ದೊಡ್ಡ ಮಳೆಯ ನಂತರ ಉಕ್ಕಿದ್ದಂತೆ. ಅದರ ಮೇಲೆ 1901ರಲ್ಲಿ ಕಲ್ಲಿನ ಮಂಟಪ ಕಟ್ಟಿಸಿದವರು ಹೆಂಗಸರು, ವುಮನ್ಸ್ ರಿಲೀಫ್ ಕೋರ್ ಎಂಬ ಸಂಘದವರು. ಮಾಜಿ ಸೈನಿಕರಿಗೂ ಅವರ ವಿಧವೆಯರಿಗೂ ಮಕ್ಕಳಿಗೂ ನೆರವಾಗಲು 1883ರಲ್ಲಿ ಒಗ್ಗೂಡಿದವರು. 1896ರಲ್ಲಿ ಆ ಬಯಲನ್ನೇ ವಹಿಸಿಕೊಂಡು, ಕಾಪಾಡಿ, 1910ರಲ್ಲಿ ಸರ್ಕಾರಕ್ಕೆ ಒಪ್ಪಿಸಿದರು. ಮಂಟಪದೊಳಗೆ ನೀರು ಈಗಲೂ ಸಣ್ಣಗೆ ಹರಿಯುತ್ತಿದೆ.

ನಿನಗೆ ಹೇಳಲೇಬೇಕಾದದ್ದು ಇದು. ಆ ಯುದ್ಧದಲ್ಲಿ ಗಾಯಾಳುಗಳನ್ನು ಉಪಚರಿಸಿದ ದಾದಿಯರು ಮುಪ್ಪಿನಲ್ಲಿ ಗತಿಯಿಲ್ಲದೆ ಇದ್ದರು. ಈ ಸಂಘದ ಹೆಂಗಸರು ಸರ್ಕಾರದ ಬೆನ್ನು ಬಿಡಲಿಲ್ಲ. ಕೊನೆಗೆ 1892ರಲ್ಲಿ ಕಾನೂನಾಗಿ ದಾದಿಯರಿಗೆ ತಿಂಗಳಿಗೆ 12 ಡಾಲರ್ ಪಿಂಚಣಿ ಸಿಕ್ಕಿತು. ಆಗ ಅವರಲ್ಲಿ ಹೆಚ್ಚಿನವರಿಗೆ ಮತದಾನದ ಹಕ್ಕೂ ಇರಲಿಲ್ಲ ಅಮ್ಮ! ಅಪ್ಪ ತಮ್ಮ ಪ್ರಾಯವನ್ನೆಲ್ಲ ಸೇನೆಯ ಮದ್ರಾಸ್ ಸ್ಯಾಪರ್ಸ್‌ಗೆ ಕೊಟ್ಟರು, ಆ ವರ್ಷಗಳಲ್ಲಿ ಮನೆಯನ್ನು ಒಬ್ಬಳೇ ನಡೆಸಿದವಳು ನೀನು. ಕೈಚಾಚುವ ಮಾತೇಕೆ? ಅದು ನಿನ್ನ ದುಡ್ಡು.

ನವೆಂಬರ್‌ನಲ್ಲಿ ಜೀವಿತ ಪ್ರಮಾಣಪತ್ರ ಕೊಡದೆ ನಿಂತಿರಬೇಕು, ಅಷ್ಟೇ. ಈಗ ಮೊಬೈಲ್‌ನಲ್ಲಿ ಮುಖ ತೋರಿಸಿದರೂ ಆಗುತ್ತದೆ; ಆಧಾರ್ ಮತ್ತು ಪಿಂಚಣಿ ಪುಸ್ತಕ ಹಿಡಿದು ಮಂಜುವನ್ನು ಪಕ್ಕದಲ್ಲಿ ಕೂರಿಸಿಕೋ. ಆಗದಿದ್ದರೆ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ ತಲೆಯೆತ್ತಿ ಕೇಳು. ನಿಂತ ತಿಂಗಳುಗಳ ಬಾಕಿಯೂ ಬರುತ್ತದೆ.

ಅಲ್ಲಿಯವರೆಗೆ ನಾನು ಕಳುಹಿಸುತ್ತೇನೆ. ನನಗೇನೂ ತೊಂದರೆಯಿಲ್ಲ, ನಿಜವಾಗಿಯೂ ಇಲ್ಲ, ಕೆಲಸ ಭದ್ರವಾಗಿದೆ, ಊಟ ನಿದ್ದೆ ಎಲ್ಲ ಸರಿಯಾಗಿದೆ. ಬಿ.ಪಿ. ಮಾತ್ರೆ ತಪ್ಪಿಸಬೇಡ. ಹೊತ್ತಾಯಿತು, ಹೊರಡುತ್ತೇನೆ. ಕೆಲಸ ಆದ ದಿನವೇ ಫೋನ್ ಮಾಡು, ಇಲ್ಲಿ ರಾತ್ರಿಯಾಗಿದ್ದರೂ ಸರಿ.

ನಿನ್ನ ಮಗಳು,
ಸುಮಾ