ನೆಪೋಲಿಯನ್ನನ ಟೋಪಿ: ಬೆಲೆಯ ಜೊತೆಗೆ ಕಥೆಯನ್ನೂ ಹೇಳಿ

ಮಾನ್ಯ ಸಂಪಾದಕರೇ,

ನೆಪೋಲಿಯನ್ ಬೋನಪಾರ್ಟೆಯ ಟೋಪಿಯೋ ಕತ್ತಿಯೋ ಯೂರೋಪಿನಲ್ಲಿ ಹರಾಜಾದಾಗಲೆಲ್ಲ ನಮ್ಮ ಪತ್ರಿಕೆಗಳು ಅದನ್ನು ಒಳಪುಟದ ಸಣ್ಣ ಚೌಕಟ್ಟಿನಲ್ಲಿ, ಕಣ್ಣರಳಿಸುವಂಥ ಬೆಲೆಯೊಂದಿಗೆ ಪ್ರಕಟಿಸಿ ಸುಮ್ಮನಾಗುತ್ತವೆ. 2023ರ ನವೆಂಬರಿನಲ್ಲಿ ಫ್ರಾನ್ಸಿನ ಫಾಂಟೆನ್‌ಬ್ಲೋದಲ್ಲಿ ಅವನ ಕಪ್ಪು ಟೋಪಿಯೊಂದು 19 ಲಕ್ಷ ಯೂರೋಗಳಿಗೂ ಮಿಕ್ಕಿ ಬೆಲೆಗೆ ಮಾರಾಟವಾಯಿತು. ಬಹಳ ವರ್ಷ ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳಿದ ನನಗೆ, ಸೋತು ದೂರದ ದ್ವೀಪದಲ್ಲಿ ಸೆರೆಯಾಳಾಗಿ ಸತ್ತವನ ಟೋಪಿಗೆ ಇನ್ನೂರು ವರ್ಷಗಳ ಮೇಲೂ ಇಷ್ಟು ಬೆಲೆ ಬರುವುದೇಕೆ ಎಂಬುದನ್ನು ಓದುಗರಿಗೆ ಹೇಳದೆ ಬಿಡುವುದು ಸರಿಯೆನಿಸುವುದಿಲ್ಲ. ಆ ಬೆಲೆಯನ್ನು ಕಟ್ಟಿದವರಲ್ಲಿ ಹರಾಜುದಾರರಿಗಿಂತ ಮೊದಲು ನಿಲ್ಲುವವರು ಲೇಖಕರು, ಮಾಜಿ ಸೈನಿಕರು ಮತ್ತು ಊರೂರು ತಿರುಗಿ ಚಿತ್ರಪಟ ಮಾರುತ್ತಿದ್ದ ಬಡ ವ್ಯಾಪಾರಿಗಳು.

1815ರ ಜೂನ್ 18ರಂದು ವಾಟರ್ಲೂ ರಣರಂಗದಲ್ಲಿ ಸೋತ ನೆಪೋಲಿಯನ್ನನನ್ನು ಬ್ರಿಟಿಷರು ಸೇಂಟ್ ಹೆಲೆನಾ ದ್ವೀಪಕ್ಕೆ ಸಾಗಿಸಿದರು. 1821ರ ಮೇ 5ರಂದು ಅವನು ಅಲ್ಲಿಯೇ ತೀರಿಕೊಂಡ. ಮತ್ತೆ ಸಿಂಹಾಸನವೇರಿದ, ಫ್ರಾನ್ಸಿನ ಹಳೆಯ ರಾಜವಂಶದ ಬೂರ್ಬೋನ್ ಅರಸರ ಕಾಲದಲ್ಲಿ ಅವನ ಚಿತ್ರ, ಅವನ ಹದ್ದಿನ ಲಾಂಛನ, ತ್ರಿವರ್ಣ ಪಟ್ಟಿ ಎಲ್ಲವೂ ರಾಜದ್ರೋಹದ ಗುರುತುಗಳಾದವು. ಆಗ ಜನ ಮರೆಮಾಚುವ ಉಪಾಯಗಳನ್ನು ಹುಡುಕಿಕೊಂಡರು. ವಯೊಲೆಟ್ ಹೂಗೊಂಚಲಿನ ಚಿತ್ರದಲ್ಲಿ ಎಲೆ ಎಸಳುಗಳ ನಡುವಿನ ಖಾಲಿ ಜಾಗವೇ ಚಕ್ರವರ್ತಿಯ ಮುಖದ ರೇಖೆಯಾಗುವಂತೆ ಬರೆದರು. ಊರುಗೋಲಿನ ಹಿಡಿಯನ್ನು ದೀಪದ ಮುಂದೆ ಹಿಡಿದರೆ ಗೋಡೆಯ ಮೇಲೆ ಅವನದೇ ನೆರಳು ಬೀಳುವಂತೆ ಕಡೆದರು. ನಶ್ಯದ ಡಬ್ಬಿಗಳು ಅವನ ಟೋಪಿಯ ಆಕಾರ ತಳೆದವು. ಇಂದು ನಾವು ಸ್ಮರಣಿಕೆ ಎಂದು ಹಗುರವಾಗಿ ಕರೆಯುವ ಈ ವಸ್ತುಗಳನ್ನು ಅಂದು ಜೇಬಿನಲ್ಲಿಟ್ಟುಕೊಂಡು ಓಡಾಡಲು ಎದೆಗಾರಿಕೆ ಬೇಕಾಗಿತ್ತು.

ಈ ಭಯವನ್ನು ಫ್ರೆಂಚ್ ಕಾದಂಬರಿಕಾರ ಸ್ಟೆಂಡಾಲ್ 1830ರ ತನ್ನ ‘ಕೆಂಪು ಮತ್ತು ಕಪ್ಪು’ ಕಾದಂಬರಿಯಲ್ಲಿ ಹಿಡಿದಿಟ್ಟಿರುವ ರೀತಿಯನ್ನು ನಾನು ಎಷ್ಟು ಸಲ ಓದಿದರೂ ಮೈ ಜುಮ್ಮೆನ್ನುತ್ತದೆ. ಮರ ಕೊಯ್ಯುವವನ ಮಗ ಜೂಲಿಯೆನ್ ದೊಡ್ಡವರ ಮನೆಯಲ್ಲಿ ಪಾಠ ಹೇಳಲು ಸೇರಿಕೊಂಡಿದ್ದಾನೆ. ಒಂದು ದಿನ ಮನೆಯ ಯಜಮಾನ ಹಾಸಿಗೆಗಳಿಗೆಲ್ಲ ಹೊಸದಾಗಿ ಮೆಕ್ಕೆಜೋಳದ ಸಿಪ್ಪೆ ತುಂಬಿಸಲು ಹೊರಟಾಗ ಹುಡುಗನ ಮುಖ ಬಿಳಿಚಿಕೊಳ್ಳುತ್ತದೆ. ಹಾಸಿಗೆಯೊಳಗೆ ಬಚ್ಚಿಟ್ಟ ಕಪ್ಪು ರಟ್ಟಿನ ಪುಟ್ಟ ಪೆಟ್ಟಿಗೆಯನ್ನು ತೆಗೆದುಕೊಡಿ, ಅದರಲ್ಲಿರುವ ಚಿತ್ರವನ್ನು ಮಾತ್ರ ನೋಡಬೇಡಿ ಎಂದು ಅವನು ಮನೆಯೊಡತಿಯನ್ನು ಬೇಡಿಕೊಳ್ಳುತ್ತಾನೆ. ಅದು ಅವನು ಪ್ರೀತಿಸುವ ಹೆಣ್ಣಿನ ಚಿತ್ರವೆಂದುಕೊಂಡು ಆಕೆ ಒಳಗೊಳಗೇ ನೋಯುತ್ತಾಳೆ. ಚಿತ್ರ ನೆಪೋಲಿಯನ್ನನದು. ಪೆಟ್ಟಿಗೆ ಕೈಗೆ ಬಂದೊಡನೆ ಜೂಲಿಯೆನ್ ಅದನ್ನು ಬೆಂಕಿಗೆ ಹಾಕುತ್ತಾನೆ. ಸ್ವತಃ ನೆಪೋಲಿಯನ್ನನ ಸೇನೆಯೊಂದಿಗೆ ಮಾಸ್ಕೋವರೆಗೆ ಹೋಗಿ ಬಂದಿದ್ದ ಸ್ಟೆಂಡಾಲನಿಗೆ, ಬಡವರ ಮಕ್ಕಳೂ ಸೇನಾಪತಿಗಳಾಗಬಹುದಾಗಿದ್ದ ಕಾಲವೊಂದು ಮುಗಿದುಹೋಯಿತು ಎಂಬ ಸಂಕಟ ಚೆನ್ನಾಗಿ ಗೊತ್ತಿತ್ತು.

ಜೂಲಿಯೆನ್ ಕದ್ದು ಓದುತ್ತಿದ್ದ ಪುಸ್ತಕಗಳಲ್ಲಿ ಒಂದು, ಸೇಂಟ್ ಹೆಲೆನಾದಲ್ಲಿ ಚಕ್ರವರ್ತಿಯ ಜೊತೆಗಿದ್ದ ಲಾಸ್ ಕಾಸೆಸ್ 1823ರಲ್ಲಿ ಪ್ರಕಟಿಸಿದ ಸ್ಮರಣಗ್ರಂಥ. ಯೂರೋಪನ್ನು ರಕ್ತದಲ್ಲಿ ಅದ್ದಿದವನು ಅದರಲ್ಲಿ ಜನತೆಯ ಸ್ವಾತಂತ್ರ್ಯಕ್ಕಾಗಿ ಹೋರಾಡಿದ ಹುತಾತ್ಮನಾಗಿ ಕಾಣಿಸಿಕೊಂಡ. ಓದು ಬಾರದ ರೈತರ ಮನೆಗಳಿಗೆ ಎಪಿನಾಲ್ ಊರಿನಲ್ಲಿ ಅಚ್ಚಾದ ಬಣ್ಣದ ಚಿತ್ರಪಟಗಳು ತಲುಪಿದವು. ನಮ್ಮ ಮನೆಗಳ ಗೋಡೆಗೆ ರವಿವರ್ಮನ ದೇವರ ಪಟಗಳು ಬಂದಂತೆಯೇ ಬಂದವು. 1840ರಲ್ಲಿ ಅವನ ಅಸ್ಥಿಯನ್ನು ಪ್ಯಾರಿಸ್ಸಿಗೆ ತಂದು, ಮಾಜಿ ಸೈನಿಕರ ಆಶ್ರಯಧಾಮವಾದ ಇನ್‌ವಾಲಿಡ್‌ನಲ್ಲಿ ಇರಿಸಿದರು. 1848ರ ಅಧ್ಯಕ್ಷೀಯ ಚುನಾವಣೆಯಲ್ಲಿ ಅವನ ತಮ್ಮನ ಮಗ ಲೂಯಿ ನೆಪೋಲಿಯನ್ ಶೇ 74ರಷ್ಟು ಮತ ಪಡೆದ. ಅವನಿಗೆ ಮತ ಹಾಕಿದ ರೈತರಲ್ಲಿ ಬಹುಮಂದಿಗೆ ಪರಿಚಯವಿದ್ದುದು ಹೆಸರೊಂದೇ. ಮೂರೇ ವರ್ಷಗಳಲ್ಲಿ ಅವನು ಗಣರಾಜ್ಯವನ್ನು ಉರುಳಿಸಿ, 1852ರಲ್ಲಿ ತಾನೇ ಚಕ್ರವರ್ತಿಯಾದ. ಯೌವನದಲ್ಲಿ ನೆಪೋಲಿಯನ್ನನನ್ನು ಹಾಡಿ ಹೊಗಳಿದ್ದ ವಿಕ್ಟರ್ ಹ್ಯೂಗೋ ಈ ಎರಡನೆಯ ಚಕ್ರವರ್ತಿಯನ್ನು ವಿರೋಧಿಸಿ ದೇಶಭ್ರಷ್ಟನಾಗಿ, ಗಡಿಪಾರಿನಲ್ಲಿದ್ದುಕೊಂಡೇ ‘ಲೆ ಮಿಸೆರಾಬ್ಲ’ದ ವಾಟರ್ಲೂ ಅಧ್ಯಾಯಗಳನ್ನು ಬರೆದನೆಂಬುದನ್ನು ನೆನೆದಾಗಲೆಲ್ಲ ನನಗೆ ಹಾಡುಗಳ ಮತ್ತು ಪಟಗಳ ಶಕ್ತಿ ಎಂಥದೆಂದು ಭಯವಾಗುತ್ತದೆ.

ಈ ಕಥೆ ನಮಗೆ ದೂರದ್ದೂ ಅಲ್ಲ. 1799ರ ಜನವರಿಯಲ್ಲಿ ಕೈರೋದಿಂದ ಟಿಪ್ಪು ಸುಲ್ತಾನನಿಗೆ ನೆಪೋಲಿಯನ್ ಬರೆದ ಪತ್ರ ಶ್ರೀರಂಗಪಟ್ಟಣ ತಲುಪಲೇ ಇಲ್ಲ. ದಾರಿಯಲ್ಲಿಯೇ ಬ್ರಿಟಿಷರ ಕೈಸೇರಿತು. ಮೇ 4ರಂದು ಟಿಪ್ಪು ಬಿದ್ದ. ಆ ಬಳಿಕ ಶ್ರೀರಂಗಪಟ್ಟಣದ ಉಸ್ತುವಾರಿ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿಯೇ ಮುಂದೆ ವೆಲಿಂಗ್ಟನ್ ಡ್ಯೂಕನಾಗಿ ವಾಟರ್ಲೂನಲ್ಲಿ ಗೆದ್ದವನು. ಲಂಡನ್ನಿನಲ್ಲಿ ಅವನ ಮನೆಯಾಗಿದ್ದ ಆಪ್ಸ್ಲಿ ಹೌಸ್‌ಗೆ ಕೆಲವು ವರ್ಷಗಳ ಹಿಂದೆ ನಾನು ಹೋಗಿದ್ದೆ. ಮಹಡಿ ಮೆಟ್ಟಿಲು ಸುತ್ತಿ ಏರುವ ಜಾಗದಲ್ಲಿ, ಶಿಲ್ಪಿ ಕನೋವಾ ಕಡೆದ ನೆಪೋಲಿಯನ್ನನ ಬೃಹತ್ ಅಮೃತಶಿಲೆಯ ಪ್ರತಿಮೆ ಬೆತ್ತಲೆಯಾಗಿ, ಅಂಗೈಯಲ್ಲಿ ಪುಟ್ಟ ವಿಜಯದೇವತೆಯನ್ನು ಹಿಡಿದು ನಿಂತಿದೆ. ನೆಪೋಲಿಯನ್ನನಿಗೆ ಅದು ಹಿಡಿಸದೆ ಜನರ ಕಣ್ಣಿಗೆ ಬೀಳದಂತೆ ಇರಿಸಿದ್ದ. ಅವನು ಬಿದ್ದ ಮೇಲೆ ಬ್ರಿಟಿಷ್ ಸರ್ಕಾರ ಅದನ್ನು ಕೊಂಡಿತು; ಅದು ವೆಲಿಂಗ್ಟನ್ನನಿಗೆ ಕಾಣಿಕೆಯಾಗಿ ಸಂದಿತು. ಟಿಪ್ಪುವಿನ ಮರದ ಹುಲಿ ಅಲ್ಲಿಂದ ಹೆಚ್ಚು ದೂರವಿಲ್ಲದ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯದಲ್ಲಿದೆ. ಒಂದೇ ದಿನ ಎರಡನ್ನೂ ನೋಡಿ ಬಂದ ನನಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ಮನವಿಯಿಷ್ಟೇ: ಇನ್ನು ಮುಂದೆ ಇಂಥ ಹರಾಜಿನ ಸುದ್ದಿ ಬಂದಾಗ ಬೆಲೆಯ ಪಕ್ಕದಲ್ಲಿ ನಾಲ್ಕು ಸಾಲು ಹಿನ್ನೆಲೆಯನ್ನೂ ಕೊಡಿ. ಟೋಪಿಗಳು ಹೇಳದ ಮಾತಿಗೂ ಅದರಲ್ಲಿ ಜಾಗವಿರಲಿ. ಫ್ರೆಂಚ್ ಕ್ರಾಂತಿಯು ರದ್ದುಮಾಡಿದ್ದ ಗುಲಾಮಗಿರಿಯನ್ನು ಫ್ರೆಂಚ್ ವಸಾಹತುಗಳಲ್ಲಿ 1802ರಲ್ಲಿ ಮರಳಿ ತಂದವನು ಇದೇ ನೆಪೋಲಿಯನ್. ಹೈಟಿಯ ಕಪ್ಪು ಜನರ ನಾಯಕ ಟೂಸಾಂ ಲೂವರ್ತ್ಯೂರ್‌ನನ್ನು ಮೋಸದಿಂದ ಹಿಡಿದು ಫ್ರಾನ್ಸಿನ ಬೆಟ್ಟದ ಕೋಟೆಯೊಂದರಲ್ಲಿ ಕೂಡಿಹಾಕಲಾಯಿತು. 1803ರ ಏಪ್ರಿಲಿನಲ್ಲಿ ಅವನು ಆ ಕೋಟೆಯಲ್ಲಿಯೇ ಸತ್ತ. ಹರಾಜಿಗಿಡಲು ಅವನ ಟೋಪಿಯಿಲ್ಲ. ಅವನ ಮೂಳೆಗಳೂ ಉಳಿದಿಲ್ಲ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಇತಿಹಾಸ ಅಧ್ಯಾಪಕ, ಮೈಸೂರು